ಭಾವನವರಿಗೆ ಕೊಡದ ರಿವಾಲ್ವರ್

ಒಂಬತ್ತು ಕೈಬಂದೂಕುಗಳನ್ನು ನೆಲಮಾಳಿಗೆಯ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ನಾನು ನಾಲ್ಕು ವಾರ ತಲೆ ಕೆಡಿಸಿಕೊಂಡೆ. ಗ್ಲೆಂಡೇಲ್ ಹೈಟ್ಸಿನ ನಮ್ಮ ಮನೆ ಮಾರಾಟವಾಗಿತ್ತು. ಡೆಸ್ ಪ್ಲೇನ್ಸಿನಲ್ಲಿ ಮೂರನೆಯ ಮಹಡಿಯ ಪುಟ್ಟ ಕಾಂಡೋ ಫ್ಲ್ಯಾಟು ತೆಗೆದುಕೊಂಡಿದ್ದೆವು. ಬಂದೂಕು ಇಡುವ ಹಳೆಯ ಸೇಫ್ ಎಮ್ಮೆಯಂತೆ ಬಿದ್ದುಕೊಂಡಿತ್ತು, ಅದನ್ನು ಮೇಲಕ್ಕೆ ಹೊರುವ ಮಾತೇ ಇರಲಿಲ್ಲ. ಹೊಸ ಸೇಫಿನಲ್ಲಿ ಹಿಡಿಯುವುದು ನಾಲ್ಕೇ. ನಾಲ್ಕರ ಮೇಲೆ ಒಂದೂ ಬೇಡ ಎಂದು ನನ್ನ ಗಂಡ ಕೇಳಿಕೊಂಡರು, ನಾನು ಮಾತು ಕೊಟ್ಟೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನಿಂದ ಕೇಳಿ ಪಡೆದ ಮಾತುಗಳು ಬೆರಳೆಣಿಕೆಯಷ್ಟು.

ನಾನು ಕಾರಿನ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಮೊದಲು ಡೆಟ್ರಾಯಿಟಿನ ಹತ್ತಿರ, ಆಮೇಲೆ ಎಲ್ಕ್ ಗ್ರೋವ್ ವಿಲೇಜಿನಲ್ಲಿ. ತಪ್ಪು ಹುಡುಕಿ ಹುಡುಕಿ ಸ್ವಭಾವವೇ ಹಾಗಾಗಿದೆ. ಯಾರಾದರೂ ನನಗೆ ಮಾಡಿದ ತಪ್ಪನ್ನು ಮರೆಯುವ ಅಭ್ಯಾಸ ನನಗಿಲ್ಲ, ಬೆಳೆಸಿಕೊಳ್ಳುವ ಆಸೆಯೂ ಇಲ್ಲ.

ನಾಲ್ಕರಲ್ಲಿ ಮೂರು ಸಲೀಸಾಗಿ ತೀರ್ಮಾನವಾದವು. ಒಂದು ನನ್ನ ಗಂಡನದು, ಅವರು ಅದನ್ನು ವರ್ಷಕ್ಕೊಮ್ಮೆ ಒರೆಸಿ ಒಳಗಿಡುತ್ತಾರೆ, ಅಷ್ಟೇ. ಇನ್ನೊಂದು ಮನೆಯ ಕಾವಲಿಗೆಂದು ಇಟ್ಟುಕೊಂಡ ನೈನ್ ಎಂಎಂ ಪಿಸ್ತೂಲು. ಮೂರನೆಯದು ನನಗೆ ಗುರಿ ಹಿಡಿಯುವುದನ್ನು ಕಲಿಸಿದ, ಈಗ ಇಲ್ಲದ ಸಹೋದ್ಯೋಗಿಯೊಬ್ಬರು ಕೊಟ್ಟದ್ದು. ಉಳಿದ ಒಂದೇ ಒಂದು ಜಾಗಕ್ಕೆ ಎರಡು ಬಂದು ನಿಂತವು. ಒಂದು ಪಾಯಿಂಟ್ ಟ್ವೆಂಟಿಟೂ ಪಿಸ್ತೂಲು. ಹಗುರ, ಕೈಗೆ ಒದೆಯುವುದಿಲ್ಲ, ಸಂಜೆ ನೂರು ಗುಂಡು ಹೊಡೆದರೂ ಹಾಡು ಗುನುಗುತ್ತ ಮನೆಗೆ ಬರಬಹುದು. ಇನ್ನೊಂದು ಭಾರವಾದ ದೊಡ್ಡ ರಿವಾಲ್ವರ್. ನನ್ನ ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ಡಾಕ್ಟರು ಎಕ್ಸ್‌ರೇ ತೋರಿಸಿ, ಜೋರಾಗಿ ಒದೆಯುವ ಬಂದೂಕನ್ನು ಬಿಟ್ಟುಬಿಡಿ ಎಂದಿದ್ದರು. ಬುದ್ಧಿ ಇದ್ದವರು ಯಾವುದನ್ನು ಇಟ್ಟುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ನಾನೂ ರಿವಾಲ್ವರನ್ನು ಮಾರುವವುಗಳ ಕಡೆಗೇ ಸರಿಸಿಟ್ಟಿದ್ದೆ.

ಅಷ್ಟರಲ್ಲಿ ಭಾವನವರ ಫೋನು ಬಂತು.

ಭಾವ ಅಂದರೆ ನನ್ನ ಗಂಡನ ಅಣ್ಣ. ಮಿಶಿಗನ್ನಿನ ಕ್ಯಾಂಟನ್‌ನಲ್ಲಿ ಮನೆ, ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಮ್ಮದು ಧಾರವಾಡ ಕಡೆಯ ಮನೆತನ, ಸೊಸೆಯಂದಿರು ಭಾವನ ಎದುರು ತಲೆ ಎತ್ತಿ ಮಾತಾಡುವ ಪದ್ಧತಿ ಇಲ್ಲ. ಅಮೆರಿಕಕ್ಕೆ ಬಂದು ಬಂದೂಕು ಹಿಡಿದರೂ ಆ ಪದ್ಧತಿಯನ್ನು ನಾನು ಬಿಟ್ಟಿರಲಿಲ್ಲ.

"ನೀ ಬಂದೂಕು ಮಾರ್ಲಿಕ್ಕತ್ತೀ ಅಂತ ತಮ್ಮ ಹೇಳಿದ," ಎಂದರು. "ಆ ರಿವಾಲ್ವರ್ ಯಾರಿಗೂ ಕೊಡಬ್ಯಾಡವಾ. ದಸರಾಕ್ಕ ನಾವಿಬ್ಬರೂ ಡ್ರೈವ್ ಮಾಡ್ಕೊಂಡು ಬರ್ತೀವಿ. ಬಂದು ಮಾತಾಡ್ತೀನಿ."

"ಆಗ್ಲಿ ಭಾವಾರ, ಬರ್ರಿ," ಎಂದೆ. ಫೋನು ಇಟ್ಟ ಮೇಲೆ ನನ್ನ ಮೈಯೆಲ್ಲ ಉರಿಯಿತು.

ಆ ರಿವಾಲ್ವರ್ ಅವರಿಗೆ ಯಾಕೆ ಬೇಕೆಂದು ನನಗೆ ಗೊತ್ತಿತ್ತು. ನಾವು ಮಿಶಿಗನ್ನಿನಲ್ಲಿದ್ದಾಗ ಒಂದೇ ಅಂಗಡಿಯಲ್ಲಿ, ಒಂದೇ ಮಧ್ಯಾಹ್ನ, ಒಂದೇ ಮಾದರಿಯ ಎರಡು ರಿವಾಲ್ವರ್ ಕೊಂಡಿದ್ದೆವು. ಒಂದು ಅವರದು, ಒಂದು ನನ್ನದು. ಎರಡರ ಮೇಲಿನ ಕ್ರಮಸಂಖ್ಯೆ ಒಂದರ ಹಿಂದೆ ಒಂದು. ಅಂಥ ಜೋಡಿ ಎಂದರೆ ಸಂಗ್ರಹ ಮಾಡುವವರು ಬಾಯಿ ಬಾಯಿ ಬಿಡುತ್ತಾರೆ. ಆ ಮಾದರಿ ಈಗ ತಯಾರಾಗುವುದೂ ಇಲ್ಲ. ಜೋಡಿ ತಮ್ಮ ಕಪಾಟಿನಲ್ಲಿ ಮೆರೆಯಬೇಕು ಎಂದು ಭಾವನವರು ಆಸೆಪಟ್ಟಿದ್ದಾರೆ ಎಂದುಕೊಂಡೆ. ಆಸೆಪಡಲಿ, ಚೆನ್ನಾಗಿ ಆಸೆಪಡಲಿ ಎಂದೂ ಅಂದುಕೊಂಡೆ.

ನನ್ನ ಸಿಟ್ಟಿನ ಮೂಲ, ಅವನ್ನು ಕೊಂಡ ಮೇಲೆ ಬಂದ ಮೊದಲ ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ. ಆಗ ಮನೆಯವರೆಲ್ಲ ಭಾವನವರ ಮನೆಯಲ್ಲೇ ಸೇರುತ್ತಿದ್ದೆವು. ಆ ದಿನ ಬೆಳಿಗ್ಗೆ ಭಾವನವರೂ ನಾನೂ ಗುಂಡು ಹೊಡೆಯುವ ರೇಂಜಿಗೆ ಹೋಗಿ ಬಂದಿದ್ದೆವು. ಅವರ ಆರು ಗುಂಡುಗಳು ಗುರಿಯ ಕಾಗದದ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿದ್ದವು. ನನ್ನ ಆರೂ ಚಹಾದ ಬಸಿಯಷ್ಟು ಜಾಗದೊಳಗಿದ್ದವು. ಅವರು ಎರಡೂ ಕಾಗದಗಳನ್ನು ನೋಡಿದರು, ಏನೂ ಹೇಳಲಿಲ್ಲ, ಕಾರಿನಲ್ಲೂ ಹೇಳಲಿಲ್ಲ. ಮಧ್ಯಾಹ್ನ ಪೂಜೆಗೆ ಅವರು ತಮ್ಮ ರಿವಾಲ್ವರ್, ಪಾನಾ, ಸ್ಕ್ರೂಡ್ರೈವರು, ಲ್ಯಾಪ್‌ಟಾಪು, ಕಾರಿನ ಕೀಲಿಕೈಗಳನ್ನು ಮಣೆಯ ಮೇಲೆ ಜೋಡಿಸಿದ್ದರು. ನಾನು ನನ್ನದನ್ನೂ ಖಾಲಿ ಮಾಡಿ, ಹಿಡಿಕೆಗೆ ಕುಂಕುಮ ಹಚ್ಚಿ, ಚೆಂಡು ಹೂವಿಟ್ಟು ಅವರದರ ಪಕ್ಕಕ್ಕೆ ಇಟ್ಟೆ.

ಅರವತ್ತು ಜನ ನೆರೆದಿದ್ದರು. ಭಾವನವರು ಅಡಿಗೆಮನೆಗೆ ಹೋಗಿ ಲಟ್ಟಣಿಗೆ ತಂದರು. ನನ್ನ ರಿವಾಲ್ವರನ್ನು ಮಣೆಯಿಂದ ಎತ್ತಿ, ಆ ಜಾಗದಲ್ಲಿ ಲಟ್ಟಣಿಗೆ ಇಟ್ಟು, ಅದಕ್ಕೆ ಕುಂಕುಮ ಹಚ್ಚಿದರು. "ಹೆಣ್ಣುಮಕ್ಕಳ ಆಯುಧ ಇದು ನೋಡ್ರಿ," ಎಂದರು. ರಿವಾಲ್ವರನ್ನು ಗರಾಜಿಗೆ ಒಯ್ದು, ನಮ್ಮ ಚಪ್ಪಲಿ ಬೂಟು ಬಿಟ್ಟಿದ್ದ ಕಪಾಟಿನ ಮೇಲಿಟ್ಟು ಬಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗಂಡ ನಕ್ಕರು. ಎಲ್ಲಕ್ಕಿಂತ ಉರಿಯುವುದು ಯಾವುದೆಂದರೆ, ನಾನೂ ನಕ್ಕೆ. ನಗುತ್ತಲೇ ಎಲ್ಲರಿಗೂ ಹೋಳಿಗೆ ಬಡಿಸಿದೆ.

ಇದಾಗಿ ಹದಿನೆಂಟು ವರ್ಷ. ಈ ಹದಿನೆಂಟು ವರ್ಷ ನಾನು ಸುಮ್ಮನೆ ಕೂತಿರಲಿಲ್ಲ. ಕ್ಲಬ್ಬಿನ ಪಂದ್ಯದಲ್ಲಿ ಚೆನ್ನಾಗಿ ಹೊಡೆದಾಗಲೆಲ್ಲ ಗುರಿಯ ಕಾಗದದ ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಯಾರು ನೋಡಲಿ ಎಂದು ಹಾಕುತ್ತಿದ್ದೆನೋ ಅವರು ಹೆಬ್ಬೆರಳೆತ್ತಿದ ಚಿತ್ರ ಒತ್ತುತ್ತಿದ್ದರು. ಅದು ಕೂಡ ನನಗೆ ಅವರ ದೊಡ್ಡಸ್ತಿಕೆಯಾಗಿಯೇ ಕಾಣುತ್ತಿತ್ತು. ಅವರು ನಮ್ಮ ಮನೆಗೆ ಬಂದರೆ ಎರಡನೆಯ ಸಲ ತುಪ್ಪ ಕೇಳಿ ಬಡಿಸುತ್ತಿರಲಿಲ್ಲ. ಸಣ್ಣತನವೇ, ಒಪ್ಪುತ್ತೇನೆ. ಆದರೆ ದೊಡ್ಡ ಸೇಡಿಗೆ ಅವಕಾಶ ಸಿಗುವವರೆಗೆ ಸಣ್ಣದರಿಂದಲೇ ಜೀವ ಹಿಡಿದುಕೊಳ್ಳಬೇಕಲ್ಲ.

ಈಗ ಅವಕಾಶ ತಾನಾಗಿ ನಾಲ್ಕೂವರೆ ತಾಸು ಕಾರು ಓಡಿಸಿಕೊಂಡು ಮನೆ ಬಾಗಿಲಿಗೆ ಬರುವುದಿತ್ತು.

ರಿವಾಲ್ವರನ್ನು ಬೇರೆ ಯಾರಿಗಾದರೂ ಮಾರಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕ್ರಮಸಂಖ್ಯೆ ಹಿಡಿದು ಹುಡುಕುವುದರಲ್ಲಿ ಭಾವನವರು ನಿಪುಣರು. ಇಂದು ನಾನು ಅಂಗಡಿಗೆ ಕೊಟ್ಟರೆ ಮುಂದಿನ ವರ್ಷ ಅದು ಅವರ ಕಪಾಟು ಸೇರುವುದು ಖಂಡಿತ. ಅದು ಅವರಿಗೆ ಸಿಗಬಾರದೆಂದರೆ ಇದ್ದದ್ದು ಒಂದೇ ದಾರಿ, ನಾನೇ ಇಟ್ಟುಕೊಳ್ಳುವುದು. ಇಟ್ಟುಕೊಂಡರೆ ಟ್ವೆಂಟಿಟೂ ಹೋಗಬೇಕು.

ಅದನ್ನು ಕೊಂಡವಳು ನಮ್ಮ ಪರಿಚಯದವರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಹಲ್ಲಿನ ಡಾಕ್ಟರು. ಬಂದೂಕಿನ ಅಂಗಡಿಯವನ ಮುಂದೆ ಅವಳ ಪರವಾನಗಿಯ ಗನ್ ಕಾರ್ಡು ತೋರಿಸಿ ಕಾಗದ ಪತ್ರ ಮಾಡಿಸಿದೆವು. ಕಾನೂನಿನ ಪ್ರಕಾರ ಮೂರು ದಿನ ಕಾದ ಮೇಲೆ ಅದು ಅವಳ ಕೈ ಸೇರಬೇಕು. ಹೊರಡುವ ಮುನ್ನ ಅವಳು ನನ್ನ ಮುಖ ನೋಡಿ, "ಆಂಟಿ, ಆರ್ ಯು ಶೂರ್?" ಎಂದಳು. ಶೂರ್ ಎಂದೆ. ಆ ಪಿಸ್ತೂಲಿನಲ್ಲಿ ನಾನು ಕಳೆದ ಸಂಜೆಗಳೆಲ್ಲ ಸುಖದವು. ಸುಖದ್ದನ್ನು ಮಾರಿ ಸಿಟ್ಟಿನದನ್ನು ಇಟ್ಟುಕೊಂಡೆ ಎಂದು ಕಾರಿನಲ್ಲಿ ಕೂತಾಗ ಹೊಳೆಯಿತು. ಹೊಳೆದರೂ ಹಿಂದಿರುಗಲಿಲ್ಲ.

ಕಾಂಡೋಗೆ ಬಂದು ಎರಡನೆಯ ವಾರಕ್ಕೆ ದಸರಾ. ವಿಜಯದಶಮಿಯ ಮಧ್ಯಾಹ್ನ ಭಾವನವರೂ ನನ್ನ ನೆಗೆಣ್ಣಿಯೂ ಬಂದರು. ನೆಗೆಣ್ಣಿ ಎಂದರೆ ಭಾವನವರ ಹೆಂಡತಿ, ನನಗಿಂತ ಎಂಟು ವರ್ಷ ಹಿರಿಯಳು, ಕಾರು ಓಡಿಸಿಕೊಂಡು ಬಂದವಳು ಅವಳೇ. ನಮ್ಮ ಕಡೆ ಆ ದಿನ ಬನ್ನಿ ಎಲೆ ಕೊಟ್ಟು, ಹಳೆಯ ಜಗಳ ಮರೆತು ಬಂಗಾರದಂತೆ ಇರೋಣ ಎನ್ನುತ್ತೇವೆ. ಇಲ್ಲಿ ಬನ್ನಿ ಎಲ್ಲಿಂದ ಬರಬೇಕು, ಅಕ್ಕಪಕ್ಕ ಸಿಕ್ಕ ಯಾವುದೋ ಗಿಡದ ಸಣ್ಣ ಎಲೆಗಳನ್ನೇ ಬನ್ನಿ ಎಂದುಕೊಳ್ಳುತ್ತೇವೆ. ಭಾವನವರು ಎಡಗೈಯಿಂದ ಬಲಗೈ ಹಿಡಿದುಕೊಂಡು ಎಲೆ ಕೊಟ್ಟರು. "ಬಂಗಾರದ್ಹಂಗ ಇರೂಣವಾ," ಎಂದರು. ನಾನು ಎಲೆ ತೆಗೆದುಕೊಂಡೆ, ಕಾಲಿಗೆ ಬಿದ್ದೆ. ಮಾತು ಮಾತ್ರ ವಾಪಸು ಹೇಳಲಿಲ್ಲ.

ಊಟವಾಯಿತು. ನಾನು ಸೇಫ್ ತೆಗೆದು ರಿವಾಲ್ವರ್ ತಂದೆ. ಗುಂಡು ತುಂಬುವ ಸಿಲಿಂಡರು ತೆರೆದು ಖಾಲಿ ಇದೆ ಎಂದು ತೋರಿಸಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನಂಬರು ಓದಿದರು. ಮುಖ ಅರಳಿತು. ಆ ಮುಖ ಪೂರ್ತಿ ಅರಳಲಿ ಎಂದು ಕಾದೆ.

"ಭಾವಾರ," ಎಂದೆ. ಜನ್ಮದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದೆ. "ಇದನ್ನ ಕರಗಿಸಲಿಕ್ಕೆ ಪೊಲೀಸರಿಗೆ ಬೇಕಾದ್ರ ಕೊಟ್ಟೇನು, ನಿಮಗ ಮಾತ್ರ ಕೊಡೂದಿಲ್ಲ." ಆಮೇಲೆ ಮಣೆ, ಲಟ್ಟಣಿಗೆ, ಚಪ್ಪಲಿಯ ಕಪಾಟು, ಅರವತ್ತು ಜನರ ನಗು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಹದಿನೆಂಟು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿದ ಮಾತುಗಳಾದ್ದರಿಂದ ಎಲ್ಲೂ ತೊದಲಲಿಲ್ಲ.

ಅವರು ಗಾಬರಿಯಾಗಿ ಹೆಂಡತಿಯ ಕಡೆ ತಿರುಗಿದರು. "ನಾ ಹಂಗ ಮಾಡಿದ್ನೇನು?"

"ಮಾಡಿದ್ರಿ," ಎಂದಳು ನೆಗೆಣ್ಣಿ. "ಲಟ್ಟಣಿಗಿ ನಂದು. ಕುಂಕುಮ ತೊಳದು ಮರುದಿನ ಅದರಾಗ ಚಪಾತಿ ಮಾಡೀನಿ." ಆಮೇಲೆ ನನ್ನ ಕಡೆ ನೋಡಿದಳು. "ಆದ್ರ ಇವತ್ತ ಇವರು ಕೇಳ್ಲಿಕ್ಕೆ ಬಂದಿಲ್ಲ ತಂಗಿ. ಕೊಡ್ಲಿಕ್ಕೆ ಬಂದಾರ."

ಭಾವನವರು ಬಲಗೈಯನ್ನು ಟೇಬಲ್ಲಿನ ಮೇಲಿಟ್ಟರು. ಹಿಡಿದುಕೊಳ್ಳದೆ ಬಿಟ್ಟಾಗ ಅದು ತನ್ನಷ್ಟಕ್ಕೆ ನಡುಗುತ್ತಿತ್ತು. ಪಕ್ಕದ ಲೋಟದೊಳಗಿನ ನೀರೂ ಅಲುಗಾಡಿತು. "ಇನ್ನ ಬಂದೂಕು ಮುಟ್ಟಬ್ಯಾಡ್ರಿ ಅಂದಾರ ಡಾಕ್ಟರು," ಎಂದರು. "ಎಲ್ಲಾ ಮಾರ್ಲಿಕ್ಕತ್ತೀನಿ. ನನ್ನ ಆ ರಿವಾಲ್ವರ್ ಒಂದು ಮಾತ್ರ ನಿನ್ನ ಕಡೆ ಇರಲಿ ಅಂತ. ಜೋಡಿ ಒಡೀಬಾರ್ದು. ನಿಮ್ಮೂರ ಅಂಗಡಿಗೇ ಕಳಸ್ತೀನಿ, ಕಾಗದ ಎಲ್ಲಾ ಅಲ್ಲೇ ಮಾಡಿಸೂಣು." ಆಮೇಲೆ, "ನನಗಿಂತ ನಿನ್ನ ಕೈ ಚಲೋ ಅದ. ಅವತ್ತಿಂದಾನೂ ಚಲೋ. ಎಲ್ಲಾರ ಮುಂದ ಹೇಳ್ತಿರ್ತೀನಿ," ಎಂದರು.

ಎಲ್ಲರ ಮುಂದೆ ಹೇಳಿದವರು ನನ್ನ ಮುಂದೆ ಒಮ್ಮೆ ಹೇಳಿದ್ದರೆ ಸಾಕಿತ್ತು. ಆ ಒಂದು ಮಾತಿಗಾಗಿ ನಾನು ಹದಿನೆಂಟು ವರ್ಷ ಕಾದಿದ್ದೆ, ಅದು ಬಂದದ್ದು ಈಗ, ನನ್ನ ಹೆಬ್ಬೆರಳು ಮಡಚಲು ಬಾರದ ಹೊತ್ತಿನಲ್ಲಿ. ನನಗೆ ಕರುಣೆ ಬಂತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇನ್ನೂ ಏರಿತು. ಇವರು ಒಳ್ಳೆಯವರಾಗಲು ಇದೇ ದಿನ ಬೇಕಿತ್ತೇ, ನನ್ನ ಸೇಡಿನ ದಿನವೇ ಬೇಕಿತ್ತೇ ಎನಿಸಿತು.

"ಜಾಗ ಇಲ್ಲ ಭಾವಾರ," ಎಂದೆ. "ನಾಕರ ಮ್ಯಾಲೆ ಒಂದೂ ಇಡೂದಿಲ್ಲ ಅಂತ ನಿಮ್ಮ ತಮ್ಮಗ ಮಾತು ಕೊಟ್ಟೀನಿ."

"ಐದಾದ್ರ ಆಗ್ಲಿ ಬಿಡು," ಎಂದರು ನನ್ನ ಗಂಡ ತಕ್ಷಣ.

"ಕೊಟ್ಟ ಮಾತು ಮುರಿಯೂದಿಲ್ಲ," ಎಂದೆ.

ಭಾವನವರು ತಲೆಯಾಡಿಸಿದರು. ತಪ್ಪಾಯಿತು ಎಂದು ಹೇಳುತ್ತಾರೇನೋ ಎಂದು ನೋಡಿದೆ. ನೆನಪೇ ಇಲ್ಲದ ತಪ್ಪಿಗೆ ಏನು ಹೇಳುವುದೆಂದು ಅವರಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ. ಚಹಾ ಕುಡಿದು ಎದ್ದರು. ಲಿಫ್ಟಿನ ತನಕ ಹೋಗಿ ಕಳಿಸಿ ಬಂದೆ. ಲಿಫ್ಟಿನ ಗುಂಡಿಯನ್ನು ಅವರ ಬದಲು ನೆಗೆಣ್ಣಿ ಒತ್ತಿದಳು.

ಒಳಗೆ ಬಂದು ರಿವಾಲ್ವರನ್ನು ಸೇಫಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಹಿಡಿಕೆ ಬಿಗಿಯಾಗಿತ್ತು, ನನ್ನ ಹೆಬ್ಬೆರಳಿಗೆ ತಿರುಗಿಸಲು ಆಗಲಿಲ್ಲ. ನನ್ನ ಗಂಡ ಬಂದು ತಿರುಗಿಸಿದರು.

"ನಿನಗೂ ಅದನ್ನ ಹೊಡೀಲಿಕ್ಕೆ ಆಗೂದಿಲ್ಲ ಅಂತ ಆದ್ರೂ ಹೇಳಬಹುದಿತ್ತಲ್ಲ," ಎಂದರು. "ಅಣ್ಣಗ ಅಷ್ಟಾದ್ರೂ ಸಮಾಧಾನ ಆಗ್ತಿತ್ತು."

"ಅದಕ್ಕ ಹೇಳಲಿಲ್ಲ," ಎಂದೆ. "ಹೇಳಿದ್ರ ನಾವಿಬ್ಬರೂ ಸಮಾ ಆಗ್ತಿದ್ವಿ."