ಕೈಯ ಕತ್ತರಿ, ಕಾಲಿನ ಕತ್ತರಿ

ನನ್ನ ಸೊಸೆ ಒಂದು ವರ್ಷ ಕಬಡ್ಡಿ ಆಡುವ ಹಾಗಿಲ್ಲ ಎಂಬ ಸುದ್ದಿ ಬಂದಾಗ ನಾವು ಏಳೆಂಟು ಹೆಂಗಸರು ಕೊಟ್ಟಿಗೆಯಲ್ಲಿ ಕುಳಿತು ಹೊಗೆಸೊಪ್ಪು ವಿಂಗಡಿಸುತ್ತಿದ್ದೆವು. ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ಕೈಗೆ ಕೆಲಸ, ಬಾಯಿಗೆ ಬಿಡುವು. ನಮ್ಮ ಪಿರಿಯಾಪಟ್ಟಣದ ಕಡೆ ಸೊಪ್ಪಿನ ಕಾಲದಲ್ಲಿ ಊರಿನ ನ್ಯಾಯವೆಲ್ಲ ತೀರ್ಮಾನವಾಗುವುದು ಅಲ್ಲೇ.

ಸೊಸೆ ನನ್ನ ಪಕ್ಕದಲ್ಲಿದ್ದಳು. ಫೋನು ಕುಂಯ್ ಅಂದಿತು. ನೋಡಿದಳು. ಮಂಡಿಯ ಕೆಳಗೆ ತುರುಕಿಕೊಂಡಳು. ಆಮೇಲೆ ಕೈಯಲ್ಲಿದ್ದ ಒಳ್ಳೇ ಹಳದಿ ಎಲೆಯನ್ನು ಕರಿ ಗುಡ್ಡೆಗೆ ಹಾಕಿದಳು. ಕೆಲಸದಲ್ಲಿ ಹಾಗೆ ತಪ್ಪುವವಳಲ್ಲ ಅವಳು.

"ಏನ್ಮಿ ಅದು?" ಅಂದೆ.

"ಒಂದ್ ವರ್ಸ ಕೂರ್ಸವ್ರೆ ಅತ್ತೆ."

"ಎಲ್ಲಿ ಕೂರ್ಸವ್ರೆ?"

"ಆಟದಿಂದ ಆಚೆ."

ಹದಿನೈದು ದಿನದ ಹಿಂದಷ್ಟೇ ಅವಳನ್ನು ಜಿಲ್ಲಾ ತಂಡಕ್ಕೆ ಆರಿಸಿದ್ದರು. ಮದುವೆಯಾಗಿ ಮಗು ಹೆತ್ತ ಮೇಲೂ ಆಡಿ ಅಲ್ಲಿವರೆಗೆ ಹೋದವಳು ನಮ್ಮೂರಲ್ಲಿ ಇವಳೊಬ್ಬಳೇ. ನನ್ನ ಮಗ ಬಸ್ ಸ್ಟಾಂಡಿನ ಹತ್ತಿರ ಅವಳ ಫ್ಲೆಕ್ಸ್ ಕಟ್ಟಿಸಿದ್ದ. ವಯಸ್ಸು ಮೀರುತ್ತಾ ಬಂದಿತ್ತು. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ ಅಂತ ಅವಳೇ ಎಷ್ಟೋ ಸಲ ಹೇಳಿದ್ದಳು. ಒಂದು ವರ್ಷ ಅಂದರೆ ಪೂರ್ತಿ ಮುಗಿದ ಹಾಗೆ.

ಆಗಿದ್ದು ಇಷ್ಟು. ಆ ಸುದ್ದಿ ಬರುವ ಹಿಂದಿನ ವಾರ ಕೆ.ಆರ್. ನಗರದ ಮೈದಾನದಲ್ಲಿ ಅಲ್ಲಿನ ತಂಡಕ್ಕೂ ನಮ್ಮ ತಂಡಕ್ಕೂ ಆಟ. ನಾವು ಒಂದು ಟೆಂಪೋ ತುಂಬ ಹೆಂಗಸರು ನೋಡಲು ಹೋಗಿದ್ದೆವು. ಇನ್ನೇನು ಆಟ ಮುಗಿಯಬೇಕು, ಅವರ ಕಡೆಯ ಒಂದು ಕಾಲೇಜು ಹುಡುಗಿ ಕಬಡ್ಡಿ ಕಬಡ್ಡಿ ಅನ್ನುತ್ತಾ ನಮ್ಮವರ ಅಂಕಣಕ್ಕೆ ನುಗ್ಗಿದಳು. ಉಸಿರು ಕಟ್ಟಿಕೊಂಡೇ ವಾಪಸ್ಸು ಹೋಗಿ ನಡುಗೆರೆ ಮುಟ್ಟಿದರೆ ಅವರು ಗೆಲ್ಲುತ್ತಾರೆ, ಹಿಡಿದು ಕೆಡವಿದರೆ ನಾವು. ನನ್ನ ಸೊಸೆ ಅವಳ ಕಾಲು ಹಿಡಿದಳು. ಇಬ್ಬರೂ ಬಿದ್ದರು. ಹುಡುಗಿ "ಅವ್ವಾ" ಅಂತ ಕಿರುಚಿಕೊಂಡಳು. ನಮ್ಮವರು ಗೆದ್ದರು. ಹುಡುಗಿಯನ್ನು ನಾಲ್ಕು ಜನ ಎತ್ತಿಕೊಂಡು ಹೋದರು. ನಾನು ಕಣ್ಣಾರೆ ಕಂಡೆ ಅಂತ ಹೇಳಲಾರೆ. ಆ ಗಳಿಗೆಯಲ್ಲಿ ಮಡಿಲಿನಿಂದ ಬಿದ್ದ ಕಡಲೆಕಾಯಿ ಆರಿಸಿಕೊಳ್ಳುತ್ತಿದ್ದೆ.

ಆಟ ನಡೆಸಿದವರು ಆಗ ತಪ್ಪು ಅನ್ನಲಿಲ್ಲ. ಸಂಜೆ ಅವರ ಕಡೆಯವರು ದೂರು ಕೊಟ್ಟರು. ಜಿಲ್ಲೆಯ ಕಬಡ್ಡಿ ಕಮಿಟಿಯ ಮೂವರು ಸೊಸೆಯನ್ನು ಕರೆದು, "ಕತ್ತರಿ ಹಾಕಿದ್ದು ನೀವೇನಾ?" ಅಂತ ಕೇಳಿದರಂತೆ. ಇವಳು "ಹೂಂ ಸಾರ್, ನಾನೇ" ಅಂದಳಂತೆ. ಅಷ್ಟಕ್ಕೇ ಒಂದು ವರ್ಷ.

ಕೊಟ್ಟಿಗೆಯಲ್ಲಿ ಎಲೆ ಎತ್ತುವ ಕೈಗಳೆಲ್ಲ ನಿಂತವು.

ನನ್ನ ಓರಗಿತ್ತಿ ಮೊದಲು ಬಾಯಿ ಬಿಟ್ಟಳು. ಗಂಡನ ತಮ್ಮನ ಹೆಂಡತಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಗಂಟಲು ಮಾತ್ರ ಹತ್ತು ಪಾಲು ದೊಡ್ಡದು. "ಅಯ್ಯೋ ನಿನ್ ಮನೆ ಕಾಯ್ವಾಗ! ಊಂ ಅಂತ ಯಾಕ್ ಅಂದೆ? ಕಳ್ಳನ್ ಕೇಳುದ್ರೂ ಮೊದ್ಲು ಇಲ್ಲ ಅಂತಾನೆ!"

ಕಂಪಲಾಪುರದಿಂದ ಸೊಸೆಯಾಗಿ ಬಂದವಳೊಬ್ಬಳು ಎದುರಿಗೆ ಕುಳಿತಿದ್ದಳು. ಈಗ ಅವಳಿಗೂ ತಲೆ ನರೆತಿದೆ, ಆದರೂ ಊರಿನವರಿಗೆ ಅವಳು ಕಂಪಲಾಪುರದೋಳೇ. ಯಾರೂ ಕೇಳದಿದ್ದರೂ ನೇರ ಹೇಳುವವಳು. "ಕೂರ್ಸಿದ್ದೇ ಸರಿ ಕಣ್ರಮ್ಮಿ. ಆ ಎಣ್ಣು ಮಗಿನ್ ಮಂಡಿ ಒಂಟೋಯ್ತಂತೆ. ಆಟ ಅಂದ್ರೆ ಮಂಡಿ ಮುರಿಯಾದಾ?"

"ನಿನ್ ಮಾತ್ ಯಾರ್ ಕೇಳುದ್ರು? ನಮ್ ಎಣ್ಣು ಅತ್ತಗೆ ನೀನು ಇತ್ತಗೆ!" ಅಂದಳು ಓರಗಿತ್ತಿ.

"ನ್ಯಾಯಕ್ಕೆ ನಮ್ದು ನಿಮ್ದು ಅಂತಿಲ್ಲ."

"ಓ, ದೊಡ್ ಜಡ್ಜಮ್ಮ ಬಂದ್ಲು. ವಸಿ ಸರ್ಕೊಳ್ರಿ, ಕುರ್ಚಿ ಆಕುವ."

ಮೂರು ದಿನ ಇದೇ ಮಾತು. ಟೀ ಅಂಗಡಿಯಲ್ಲಿ ಗಂಡಸರದು ಬೇರೆ ಪಂಚಾಯಿತಿ. ಕೆ.ಆರ್. ನಗರದವರು ತಮ್ಮ ಹುಡುಗಿಯನ್ನು ಜಿಲ್ಲಾ ತಂಡಕ್ಕೆ ಸೇರಿಸಲು ಹೀಗೆ ಮಾಡಿದರು ಅಂತ ಒಬ್ಬ. ಮಂಡಿ ಮುರಿದವಳು ತಂಡದಲ್ಲಿ ಹೇಗೆ ಆಡುತ್ತಾಳೋ ಮಂಕೇ ಅಂತ ಇನ್ನೊಬ್ಬ. ಯಾರದೋ ಫೋನಿನಲ್ಲಿ ಹಿಡಿದ ವಿಡಿಯೋ ಇತ್ತು. ಊರೆಲ್ಲ ಅದನ್ನು ತಿರುಗಾಮುರುಗಾ ನೋಡಿತು. ನಮ್ಮ ತಂಡಕ್ಕೆ ಆಟ ಕಲಿಸುವ ಪಿ.ಟಿ. ಮೇಷ್ಟ್ರ ಬೆನ್ನು ಬಿಟ್ಟು ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಬೆನ್ನು ನೋಡಿಕೊಂಡೇ ಜನ ಹೊಡೆದಾಡುವ ಮಟ್ಟಕ್ಕೆ ಬಂದರು.

ನಾಲ್ಕನೇ ದಿನ ನನ್ನ ಓರಗಿತ್ತಿಗೆ ಹೊಳೆಯಿತು. ಅವಳು ಸೊಪ್ಪಿನ ಹೊರೆಯೊಂದನ್ನು ಎದೆಗೆ ಅವುಚಿಕೊಂಡು ಎದ್ದವಳು ಹಾಗೇ ನಿಂತುಬಿಟ್ಟಳು. ಹೊರೆ ಹಿಡಿಯುವಾಗ ಎರಡು ಮುಂಗೈ ಒಂದರ ಮೇಲೊಂದು ಹೋಗುತ್ತದಲ್ಲ, ಅದಕ್ಕೆ ನಮ್ಮೂರಲ್ಲಿ ಕತ್ತರಿ ಹಾಕುವುದು ಅನ್ನುತ್ತೇವೆ. ಕಬಡ್ಡಿಯಲ್ಲೂ ನಮ್ಮ ಹುಡುಗಿಯರು ಎದುರಾಳಿಯ ಕಾಲನ್ನು ಹಾಗೆ ಎರಡು ಕೈ ಅಡ್ಡ ಮಾಡಿ ಹಿಡಿದರೆ ಅದೂ ಕತ್ತರಿಯೇ. ಅದರಲ್ಲಿ ತಪ್ಪಿಲ್ಲ.

"ಲೇ, ಪಿ.ಟಿ. ಮೇಷ್ಟ್ರುನ್ ಕೇಳ್ರಿ," ಅಂತ ಕೂಗಿದಳು. "ಅವ್ರು ಕೇಳುದ್ ಕತ್ತರಿ ಯಾವ್ದು?"

ಮೇಷ್ಟ್ರಿಗೆ ಫೋನು ಹೋಯಿತು. ಎರಡು ಕಾಲಿನ ನಡುವೆ ಎದುರಾಳಿಯ ಕಾಲು ಸಿಕ್ಕಿಸಿ ತಿರುಚುವುದಕ್ಕೆ ಆಟದ ಕಾನೂನಿನಲ್ಲಿ ಕತ್ತರಿ ಅನ್ನುತ್ತಾರೆ, ಅದು ಆಗಕೂಡದು ಅಂದರು ಮೇಷ್ಟ್ರು.

ಕೊಟ್ಟಿಗೆಯಲ್ಲಿ ಹಬ್ಬವಾಯಿತು. "ಅವ್ರು ಕಾಲಿನ್ ಕತ್ತರಿ ಕೇಳವ್ರೆ, ಇವ್ಳು ಕೈ ಕತ್ತರಿ ಅಂದ್ಕೊಂಡು ಊಂ ಅಂದವ್ಳೆ!" ಅಂತ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ನನಗೂ ಎದೆ ಹಗುರಾಯಿತು. ಒಂದು ಮಾತಿನ ಗೊಂದಲಕ್ಕೆ ಇಷ್ಟೆಲ್ಲ ಆಯಿತಲ್ಲ ಅಂತ. ಕಂಪಲಾಪುರದೋಳು ಮಾತ್ರ, "ಅವ್ಳುನ್ನೂ ವಸಿ ಕೇಳ್ರಿ" ಅಂದಳು. ಯಾರೂ ಕೇಳಲಿಲ್ಲ. ಸೊಸೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎಲೆಯ ದಂಟು ಸರಿ ಮಾಡುತ್ತಾ ಕುಳಿತಿದ್ದಳು.

ಮೇಷ್ಟ್ರು ಓಡಾಡಿ ಕಮಿಟಿಯವರನ್ನು ಒಪ್ಪಿಸಿದರು. ಇನ್ನೊಂದು ಸಲ ವಿಚಾರಣೆ ಮಾಡುತ್ತೇವೆ, ಪೆಟ್ಟು ತಿಂದ ಹುಡುಗಿಯೂ ಕೈಯಲ್ಲೇ ಹಿಡಿದದ್ದು ಅಂತ ಹೇಳಿದರೆ ಶಿಕ್ಷೆ ತೆಗೆಯುತ್ತೇವೆ ಅಂದರಂತೆ. ಹಾಗಾಗಿ ನಾನು, ಸೊಸೆ, ಓರಗಿತ್ತಿ ಮೂವರೂ ಆ ಹುಡುಗಿಯ ಮನೆಗೆ ಹೊರಟೆವು. ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಬ್ರೆಡ್ಡು, ಕಿತ್ತಳೆ ತೆಗೆದುಕೊಂಡೆವು. ಮಲಗಿದವರನ್ನು ನೋಡಲು ಬರಿಗೈಲಿ ಹೋಗುವುದು ಯಾವ ಮರ್ಯಾದೆ.

ಕೆ.ಆರ್. ನಗರದಿಂದ ಸ್ವಲ್ಪ ದೂರದ ಹಳ್ಳಿ. ಮನೆ ಸುತ್ತ ಭತ್ತದ ಗದ್ದೆ. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ನೋಡ್ಕೊಂಡ್ ಓಗಕ್ ಬಂದ್ರಾ? ಬನ್ನಿ, ಚೆನ್ನಾಗ್ ನೋಡಿ. ಸೊಂಟದ್ ತಂಕ ಸಿಮೆಂಟ್ ಪಟ್ಟಿ ಆಕವ್ರೆ."

ಬೈದಳು. ಬೈದು ಮುಗಿಸಿ ಕಾಫಿ ಕೊಟ್ಟಳು. ನಾನಾಗಿದ್ದರೆ ಕಾಫಿ ಕೊಡುತ್ತಿರಲಿಲ್ಲ.

ಹುಡುಗಿ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ನಮ್ಮ ಸೊಸೆಯನ್ನು ಕಂಡು ನಕ್ಕಳು. ಅದು ನನಗೆ ಬೇಡವಾಗಿತ್ತು. ಮುಖ ತಿರುಗಿಸಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು.

ಓರಗಿತ್ತಿ ಕಿತ್ತಳೆ ಸುಲಿಯುತ್ತಾ ಮಾತು ತೆಗೆದಳು. "ನೋಡವ್ವ, ನಮ್ ಕಡೆ ಕೈ ಅಡ್ಡ ಆಕಿ ಇಡ್ಕೊಳಾದ್ಕೆ ಕತ್ತರಿ ಅಂತೀವಿ. ಇವ್ಳು ಅದ್ನೇ ಒಪ್ಕೊಂಡ್ಬುಟ್ಲು. ನೀನೂ ಕೈಲಿ ಇಡುದ್ರು ಅಂತ ಏಳ್ಬುಟ್ರೆ ಆಯ್ತು."

ಹುಡುಗಿ ಯೋಚಿಸಿ ಹೇಳಿದಳು. "ಕೈಲೇ ಇಡುದ್ರು ಆಂಟಿ. ಮೊದ್ಲು ಕೈಲೇ. ಆಮೇಲೆ ನಾನು ಗೆರೆ ಮುಟ್ಟಕ್ಕೆ ಕೈ ಚಾಚ್ದೆ. ಆಗ ಕಾಲೂ ಬಂತು. ತಿರುಚಿದ್ದು ಗೊತ್ತಾಯ್ತು. ಅಲ್ವಾಕ್ಕ?"

ಕೊನೆಯ ಮಾತು ನನ್ನ ಸೊಸೆಗೆ ಕೇಳಿದ್ದು. ನಾನು ಸೊಸೆಯ ಮುಖ ನೋಡಿದೆ. ಇಲ್ಲ ಅನ್ನು, ಇಲ್ಲ ಅನ್ನು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಬಂತು," ಅಂದಳು ಸೊಸೆ.

ಓರಗಿತ್ತಿಯ ಕೈಯಿಂದ ಕಿತ್ತಳೆ ತೊಳೆ ಕೆಳಗೆ ಬಿತ್ತು. "ಬಿದ್ದಾಗ ಕಾಲು ಸಿಕ್ಕಾಕ್ಕೊಳಲ್ವ? ತಾನಾಗ್ ತಾನೇ ಬಂದದೆ ಬುಡು," ಅಂದಳು.

ಹುಡುಗಿಯ ತಾಯಿ ಓರಗಿತ್ತಿಯ ಕಡೆ ನೋಡಲೇ ಇಲ್ಲ. ಸೊಸೆಯನ್ನೇ ಕೇಳಿದಳು. "ಗೊತ್ತಿದ್ದೂ ಮಾಡುದ್ರಾ?"

"ಬುಟ್ಟಿದ್ರೆ ಗೆರೆ ಮುಟ್ಬುಡೋಳು ಕಣಮ್ಮ," ಅಂದಳು ಸೊಸೆ.

ನಾನು ಕಾಫಿ ಲೋಟ ಹಿಡಿದುಕೊಂಡು ಕುಳಿತೇ ಇದ್ದೆ. ನಾನೂ ಅವಳೂ ಹತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದಿದ್ದೇವೆ. ಹಸುವಿಗೆ ಹೊಡೆಯಲು ಕೂಡ ಹಿಂಜರಿಯುವ ಹೆಂಗಸು. ಅವಳು ಒಂದು ಗೆರೆಗೋಸ್ಕರ ಇನ್ನೊಬ್ಬರ ಮಗಳ ಮಂಡಿ ತಿರುಚಿದಳು ಅಂತ ಅವಳ ಬಾಯಿಂದಲೇ ಕೇಳಿದರೂ ನನಗೆ ನಂಬಲಾಗಲಿಲ್ಲ.

ಇನ್ನೂ ದೊಡ್ಡ ಏಟು ಆ ಹುಡುಗಿಯಿಂದ ಬಂತು. "ಓಗ್ಲಿ ಬುಡಕ್ಕ," ಅಂದಳು. "ಕೈಲೇ ಅಂತ ಏಳ್ತೀನಿ. ನಾನಾಗಿದ್ರೂ ಬುಡ್ತಿರ್ಲಿಲ್ಲ. ನೀವು ಜಿಲ್ಲೆಗೆ ಆಡಿ."

"ನಿಂಗ್ ಬುದ್ಧಿ ಐತಾ ಮೂದೇವಿ?" ಅಂತ ತಾಯಿ ಕೂಗಿಕೊಂಡಳು. ಆದರೆ ಹುಡುಗಿ ಮಾತು ಕೊಟ್ಟಾಗಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಓರಗಿತ್ತಿಗೆ ಹಿಗ್ಗು. ಆ ಹುಡುಗಿಯೇ ಒಪ್ಪಿಕೊಂಡಳಲ್ಲ, ಇನ್ನೇನು ಅಂತ. "ನೀನು ಕೈ ಕತ್ತರಿ ಅನ್ನು, ಅವ್ಳು ಕೈ ಕತ್ತರಿ ಅಂತಾಳೆ. ಮುಗೀತು. ಒಂದ್ ಮಾತು, ಮಗಾ."

"ಅವ್ಳ್ ಕಾಲು?" ಅಂದೆ ನಾನು.

"ಸುಳ್ಳು ಏಳ್ದೇ ಇದ್ರೆ ಕಾಲು ಸರಿ ಆಯ್ತದಾ ಅಕ್ಕಯ್ಯ?"

ನಿಜ ಹೇಳುತ್ತೇನೆ, ಸೊಸೆ ಸುಳ್ಳು ಹೇಳಲಿ ಅಂತಲೇ ನನಗೂ ಇತ್ತು. ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ವಿಚಾರಣೆಗೆ ನಾನೂ ಹೋದೆ. ಕಮಿಟಿಯ ಮೂವರು ಮೇಜಿನ ಆಚೆ, ನಾವು ಈಚೆ. ಹುಡುಗಿ ಫೋನಿನಲ್ಲಿ ಮೊದಲೇ ಹೇಳಿದ್ದಳು, ಕೈಯಲ್ಲೇ ಹಿಡಿದದ್ದು ಅಂತ. ಕಮಿಟಿಯ ಹಿರಿಯರು ನಗುನಗುತ್ತಲೇ ಇದ್ದರು. ಅವರಿಗೂ ಇದು ಮುಗಿದರೆ ಸಾಕಾಗಿತ್ತು.

"ಏನಮ್ಮ, ನಿಮ್ಮ ಕಡೆ ಕತ್ತರಿ ಅಂದ್ರೆ ಕೈಯಲ್ಲಿ ಹಿಡಿಯೋದಂತೆ. ನಮಗೆ ಗೊತ್ತಿರಲಿಲ್ಲ. ಅವತ್ತು ನೀವು ಹಾಕಿದ್ದು ಕೈಯ ಕತ್ತರಿನೇ ತಾನೇ?"

ಹೂಂ ಅಂದಿದ್ದರೆ ಸಾಕಿತ್ತು. ಅದೇ ಹೂಂ, ಮೊದಲ ಸಲ ಅವಳನ್ನು ಕೂರಿಸಿದ ಹೂಂ.

"ಎರಡೂ ಸಾರ್," ಅಂದಳು.

"ಎರಡೂ ಅಂದ್ರೆ?"

"ಕೈಯದೂ ಹಾಕ್ದೆ, ಕಾಲ್ದೂ ಹಾಕ್ದೆ."

ಪಿ.ಟಿ. ಮೇಷ್ಟ್ರು, "ಅಲ್ಲ ಸಾರ್, ಅವರು ಹೇಳೋದು ಏನಂದ್ರೆ..." ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದರು. ಹಿರಿಯರ ನಗು ಹೋಯಿತು. ಒಂದು ವರ್ಷ ಅಂದದ್ದು ಒಂದು ವರ್ಷವೇ ಆಯಿತು. ಹೊರಗೆ ಬಂದೆವು. ಅವಳು ಅಂಗಡಿಗೆ ಹೋಗಿ ಮಗುವಿಗೆ ಬನ್ನು ಕೊಂಡಳು.

ಕೊಟ್ಟಿಗೆಯಲ್ಲಿ ಜಗಳ ಹೊಸದಾಗಿ ಶುರುವಾಯಿತು, ಈ ಸಲ ತಲೆಕೆಳಗಾಗಿ. ನನ್ನ ಓರಗಿತ್ತಿ, "ಒಂದ್ ವರ್ಸ ಸಾಲ್ದು ಕಣ್ರಿ ಇವ್ಳಿಗೆ, ಮೂರು ವರ್ಸ ಕೂರುಸ್ಬೇಕಿತ್ತು. ಬಸ್ಸಲ್ಲಿ ಓಗಿದ್ದೂ ದಂಡ" ಅಂದಳು. ಕೂರಿಸಿದ್ದೇ ಸರಿ ಅಂದಿದ್ದ ಕಂಪಲಾಪುರದೋಳು, "ಹುಚ್ ಮುಂಡೇದು, ತಂಡಕ್ಕೋಗಿ ಗೆದ್ಕೊಂಡ್ ಬರಾದ್ ಬುಟ್ಟು" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು. ಬಸ್ ಸ್ಟಾಂಡಿನ ಫ್ಲೆಕ್ಸನ್ನು ನನ್ನ ಮಗನೇ ಬಿಚ್ಚಿ ತಂದು ಕಟ್ಟಿಟ್ಟ ಸೊಪ್ಪಿನ ಮೂಟೆಗಳ ಮೇಲೆ ಮುಚ್ಚಿದ. ಗಟ್ಟಿ ಪ್ಲಾಸ್ಟಿಕ್ಕು, ಸುಮ್ಮನೆ ಯಾಕೆ ಬಿಸಾಡುವುದು.

ಒಂದು ದಿನ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದಾಗ ನಾನು ಸೊಸೆಯನ್ನು ಕೇಳಿದೆ. "ಮೊದ್ಲುನ್ ಸಲ ಅವ್ರು ಕೇಳ್ದಾಗ ನಿಂಗೆ ತಿಳೀಲಿಲ್ವ, ಯಾವ್ ಕತ್ತರಿ ಅಂತ?"

"ತಿಳೀತು ಅತ್ತೆ," ಅಂದಳು. "ಚೆನ್ನಾಗೇ ತಿಳೀತು."

ನನ್ನ ಕೈಯಲ್ಲಿದ್ದ ಎಲೆ ಪುಡಿಯಾಯಿತು. ಹಾಗಾದರೆ ಗೊಂದಲ ಅನ್ನುವುದೇ ಇರಲಿಲ್ಲ. ಗೊಂದಲ ಮಾಡಿಕೊಂಡು ಕುಣಿದವರು ನಾವು.

"ಮತ್ತೆ ಅವತ್ತು ಇಲ್ಲಿ ಎಲ್ರೂ ಕೈ ಕತ್ತರಿ ಕೈ ಕತ್ತರಿ ಅಂತ ಕುಣೀತಿದ್ರೆ ಯಾಕ್ ಸುಮ್ಕೆ ಕುಂತಿದ್ದೆ?"

ಅವಳು ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಗುಡ್ಡೆಗೆ ಹಾಕುತ್ತಲೇ ಇದ್ದಳು.

"ಆಡ್ಬೇಕು ಅನ್ನುಸ್ತಿತ್ತು," ಅಂದಳು.