ಅವಳ ತೋಳಿನ ಮೇಲಿನ ದದ್ದು

ಕ್ಲಿನಿಕ್‌ನಲ್ಲಿ ಕೊಟ್ಟ ಲಸಿಕೆಯ ಮಾಹಿತಿ ಚೀಟಿಯನ್ನು ಅವಳು ನನ್ನ ಮೇಜಿನ ಮೇಲಿಟ್ಟು, ನೀನೇ ಓದಿ ಹೇಳು, ಇಷ್ಟು ಸಣ್ಣ ಅಕ್ಷರ ಓದುವ ತಾಳ್ಮೆ ನನಗಿಲ್ಲ ಅಂದಳು. ನಾಲ್ಕು ಮಡಿಕೆಯ ತೆಳು ಕಾಗದ. ನಾನು ಅದನ್ನು ಬಿಡಿಸಿ, ಅಂಗೈಯಿಂದ ಸವರಿ ಸರಿಮಾಡಿದೆ.

ವಿಯೆಟ್ನಾಂಗೆ ಹೋಗುವವಳು ಅವಳು. ಹೋಗಬೇಕೆಂದು ವರ್ಷವಿಡೀ ಆಸೆಪಟ್ಟವಳು ನಾನು.

ನಾವಿಬ್ಬರೂ ಹಾಸನದಲ್ಲಿ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆವು, ಒಂದೇ ಬಾಡಿಗೆ ರೂಮಿನಲ್ಲಿ ಇರುತ್ತಿದ್ದೆವು. ಶುಂಠಿಗೆ ಬರುವ ಕೊಳೆರೋಗ ನಮ್ಮ ವಿಷಯ. ವಾರಕ್ಕೆರಡು ಸಲ ಅರಕಲಗೂಡಿನ ಕಡೆಯ ಹೊಲಗಳಿಗೆ ಹೋಗಿ ಕೊಳೆತ ಗೆಡ್ಡೆ, ಬೇರಿನ ಸುತ್ತಲಿನ ಮಣ್ಣು ತರುತ್ತಿದ್ದೆವು. ಪ್ರತಿ ಚೀಲದ ಮೇಲೆ ಹೊಲದ ಗುರುತು, ಸಾಲು, ಆಳ ಬರೆಯುತ್ತಿದ್ದವಳು ನಾನು. ಅದಕ್ಕೇ ಅವಳು ನನ್ನನ್ನು 'ಲೇಬಲ್ಲು' ಎಂದು ಕರೆಯುತ್ತಿದ್ದಳು. ನಾನು ಬಗ್ಗಿ ಬರೆಯುತ್ತಿದ್ದಷ್ಟು ಹೊತ್ತು ಅವಳು ಬದುವಿನ ಮೇಲೆ ಕೂತು ಹೊಲದವರ ಜೊತೆ ಹರಟುತ್ತಿದ್ದಳು. ಅವರ ಮಗಳ ಮದುವೆ, ಹಸುವಿನ ಕೆಚ್ಚಲು ಬಾವು, ತಂಬಾಕಿನ ರೇಟು. ಹೊರಡುವಾಗ ಅವರು ಅವಳಿಗೆಂದೇ ಎಳನೀರು ಕೆತ್ತಿಕೊಡುತ್ತಿದ್ದರು. ಅವಳ ಪಕ್ಕದಲ್ಲಿದ್ದೆನೆಂದು ನನಗೂ ಒಂದು ಸಿಗುತ್ತಿತ್ತು.

ಎರಡು ತಿಂಗಳು ವಿಯೆಟ್ನಾಂನ ಹಳ್ಳಿಗಳಲ್ಲಿದ್ದು ಶುಂಠಿ ಬೆಳೆಯುವವರ ಜೊತೆ ಕೆಲಸ ಮಾಡುವುದಕ್ಕೆ ಒಬ್ಬರಿಗೆ ಅವಕಾಶ ಬಂತು. ಅರ್ಜಿ ಇಬ್ಬರೂ ಹಾಕಿದೆವು. ನನ್ನ ಅಂಕಗಳು ಹೆಚ್ಚಿದ್ದವು, ಬರೆದ ಪ್ರಬಂಧಗಳೂ ಹೆಚ್ಚಿದ್ದವು. ಅವಳು ಆಯ್ಕೆಯಾದಳು, ನಾನು ಕಾಯುವ ಪಟ್ಟಿಯಲ್ಲಿ ಉಳಿದೆ. ರೈತರೊಂದಿಗೆ ಬೆರೆಯುವ ಗುಣವನ್ನು ನೋಡಿದರಂತೆ ಎಂದು ನಮ್ಮ ಮೇಡಂ ನನಗೆ ಸಮಾಧಾನ ಹೇಳಿದರು. ನಾನು ಅವಳಿಗೆ ಸಿಹಿ ಕೊಡಿಸಿದೆ. ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಲಸಿಕೆ ಕಡ್ಡಾಯವಾಗಿರಲಿಲ್ಲ. ಗದ್ದೆ, ಹಂದಿ, ಸೊಳ್ಳೆ ಇರುವ ಕಡೆ ಮಳೆಗಾಲದಲ್ಲಿ ಹೆಚ್ಚು ದಿನ ಉಳಿಯುವವರು ಮಿದುಳು ಜ್ವರದ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಎರಡು ಡೋಸ್, ನಡುವೆ ನಾಲ್ಕು ವಾರ. ಕಾಯಿಲೆ ಬರುವುದು ಅಪರೂಪ, ಬಂದರೆ ಮಾತ್ರ ಕಷ್ಟ. ಲಸಿಕೆಯಿಂದ ತೋಳು ನೋವು, ಜ್ವರ, ತಲೆನೋವು ಬರಬಹುದು. ಅಪರೂಪಕ್ಕೆ ಕೆಲವರಿಗೆ ಮೈಮೇಲೆ ದದ್ದು, ತುರಿಕೆ. ತುಟಿ, ಮುಖ ಊದಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಾನು ಒಂದೊಂದನ್ನೂ ಕನ್ನಡಕ್ಕೆ ತಂದು ಓದಿ ಹೇಳಿದೆ. ಅಡ್ಡಪರಿಣಾಮಗಳ ಪಟ್ಟಿಗೆ ಬಂದಾಗ ನನ್ನ ಓದು ನಿಧಾನವಾಯಿತು. ಅವಳ ಮುಖದಲ್ಲಿ ಒಂದಿಷ್ಟು ಹೆದರಿಕೆ ಕಾಣಲಿ ಎಂದು ಕಾದೆ. ಅವಳು ಕಾಲ್ಬೆರಳಿನ ಉಗುರು ನೋಡುತ್ತ ಕೂತಿದ್ದಳು.

"ನೀನಾಗಿದ್ರೆ ಹಾಕಿಸ್ಕೊತಿದ್ಯಾ?" ಅಂದಳು.

ಆ ಪ್ರಶ್ನೆಗೆ ನಾನು ಯೋಚಿಸಬೇಕಾಗಲಿಲ್ಲ. ಅರ್ಜಿ ಹಾಕಿದ ವಾರವೇ ಆ ದೇಶದ ಬಗ್ಗೆ, ಅಲ್ಲಿನ ಮಳೆ, ಕಾಯಿಲೆ, ಲಸಿಕೆಗಳ ಬಗ್ಗೆ ಓದಿ ನನ್ನ ಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದೆ. ಹಾಕಿಸಿಕೊಳ್ಳುತ್ತಿದ್ದೆ ಎಂದೆ. ನನ್ನ ದನಿ ಒರಟಾಗಿದ್ದಿರಬೇಕು. ಅವಳು ನಕ್ಕು, ಲೇಬಲ್ಲು ಹೇಳಿದ ಮೇಲೆ ಮುಗೀತು ಅಂದಳು. ಶುಕ್ರವಾರ ಸಂಜೆ ಹೋಗಿ ಮೊದಲ ಡೋಸ್ ಹಾಕಿಸಿಕೊಂಡಳು. ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂರಿಸಿದರು, ಏನೂ ಆಗಲಿಲ್ಲ. ಶನಿವಾರ ಹೊಳೆನರಸೀಪುರದ ಬಸ್ಸು ಹತ್ತಿ ಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಅವಳಿಂದ ಒಂದು ಫೋಟೊ ಬಂತು. ಅವಳ ಎಡತೋಳು. ಕೆಂಪಗೆ ಉಬ್ಬಿದ ದದ್ದುಗಳು, ಒಂದು ನಾಲ್ಕಾಣೆಯಷ್ಟು, ಇನ್ನೊಂದು ಅಂಗೈಯಗಲ. ಕೆಳಗೆ, ಬೆಳಿಗ್ಗೆಯಿಂದ ಜ್ವರ, ಅಜ್ಜಿ ಅಮ್ಮ ಅಂತಿದಾರೆ, ಪಕ್ಕದ ಮನೆ ಮಗೂಗೂ ಆಗಿದೆ, ನೀನೇನಂತೀಯ ಎಂದು ಬರೆದಿದ್ದಳು.

ನಮ್ಮ ಕಡೆ ಚಿಕನ್‌ಪಾಕ್ಸ್‌ಗೆ ಅಮ್ಮ ಅನ್ನುತ್ತಾರೆ. ಅದು ಕಾಯಿಲೆಯಲ್ಲ, ದೇವಿಯೇ ಮನೆಗೆ ಬಂದಿರುವುದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಮಾತ್ರೆ ಕೊಡುವುದಿಲ್ಲ. ದಿನ ನೋಡಿ ಬೇವು, ಅರಿಶಿನದ ನೀರು ಹಾಕುತ್ತಾರೆ. ಮೂರು ನೀರು ಆಗುವವರೆಗೆ, ಅಂದರೆ ಹತ್ತು ಹನ್ನೆರಡು ದಿನ, ಅಮ್ಮ ಬಂದವರು ಹೊಸಿಲು ದಾಟುವ ಹಾಗಿಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ನನಗೂ ಚಿಕ್ಕಂದಿನಲ್ಲಿ ಹೀಗೇ ಮಾಡಿದ್ದರು.

ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಒಂದರಲ್ಲೂ ನೀರು ತುಂಬಿದ ಗುಳ್ಳೆ ಇರಲಿಲ್ಲ. ಅಂಚು ಉಬ್ಬಿ, ನಡುವೆ ಮಾಸಲಾಗಿತ್ತು. ಇದು ಪಿತ್ತದ ಗಂಧೆಯ ಜಾತಿ, ಎರಡು ದಿನದ ಹಿಂದೆ ಚುಚ್ಚಿಸಿಕೊಂಡಿದ್ದರ ಫಲ ಎಂದು ಮನಸ್ಸಿಗೆ ತಕ್ಷಣ ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಲೆಕ್ಕವೂ ಹೊಳೆಯಿತು. ನಾಳೆ ಬಿಟ್ಟು ಅದರಾಚೆಯ ಸೋಮವಾರ ಅವಳು ಬೆಂಗಳೂರಿಗೆ ಹೋಗಿ ವಿಯೆಟ್ನಾಂ ಕೆಲಸದ ಒಪ್ಪಂದಕ್ಕೆ ಖುದ್ದಾಗಿ ಸಹಿ ಹಾಕಬೇಕು. ಹಾಕದಿದ್ದರೆ ಕಾಯುವ ಪಟ್ಟಿಯವರನ್ನು ಕರೆಯುತ್ತಾರೆ. ಅಷ್ಟರೊಳಗೆ ಮೂರು ನೀರು ಆಗುವುದಿಲ್ಲ.

ರೆಸ್ಟ್ ತಗೋ ಎಂದು ಬರೆದು ಕಳಿಸಿದೆ.

ಮರುದಿನ, ಸೋಮವಾರ, ಲ್ಯಾಬಿಗೆ ಹೋದೆ. ಮಂಗಳವಾರ ಹೋದೆ. ಅರಕಲಗೂಡಿಗೂ ಒಬ್ಬಳೇ ಹೋಗಿಬಂದೆ. ಹೊಲದವರು, ಆ ಇನ್ನೊಂದು ಹುಡುಗಿ ಎಲ್ಲವ್ವ ಎಂದು ಕೇಳಿದರು. ಹುಷಾರಿಲ್ಲ ಎಂದೆ. ಒಬ್ಬರೂ ಎಳನೀರು ಕೆತ್ತಲಿಲ್ಲ. ರೂಮಿನಲ್ಲಿ ಅವಳ ಹಾಸಿಗೆ ಹಾಗೇ ಇತ್ತು, ಟವೆಲ್ಲು ಕುರ್ಚಿಯ ಮೇಲೆ ಬಿದ್ದಿತ್ತು. ಅದನ್ನು ಮಡಚಿಟ್ಟೆ. ನಾನೇನೂ ಸುಳ್ಳು ಹೇಳಿಲ್ಲ, ನಾನು ವೈದ್ಯೆಯಲ್ಲ, ಫೋಟೊ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಇಂಥ ವಾಕ್ಯಗಳನ್ನು ಮನಸ್ಸಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟುಕೊಂಡಿದ್ದೆ.

ಬುಧವಾರ ಬೆಳಿಗ್ಗೆ ಮೇಡಂ ಕರೆದರು. ಅವಳ ಮನೆಯಿಂದ ಫೋನ್ ಬಂದಿತ್ತಂತೆ, ಸೋಮವಾರ ಬರುವುದು ಅನುಮಾನವಂತೆ. ನನ್ನ ಪಾಸ್‌ಪೋರ್ಟ್ ಪ್ರತಿ ಕಳಿಸಲು ಹೇಳಿದರು. ಪಾಪ, ಆ ಹುಡುಗಿ ಎಷ್ಟು ಆಸೆ ಇಟ್ಟುಕೊಂಡಿತ್ತು ಎಂದೂ ಅಂದರು. ನಾನು ನನ್ನ ಮೇಜಿಗೆ ಬಂದು ಐದೇ ನಿಮಿಷದಲ್ಲಿ ಪ್ರತಿ ಕಳಿಸಿದೆ. ಪಾಸ್‌ಪೋರ್ಟಿನಲ್ಲಿ ನನ್ನ ಫೋಟೊ ಯಾವಾಗಲೂ ನನಗೆ ಪೆಚ್ಚಾಗಿ ಕಾಣುತ್ತಿತ್ತು. ಅವತ್ತು ಚೆನ್ನಾಗಿದೆ ಅನ್ನಿಸಿತು.

ಇನ್ನು ಲಸಿಕೆಯ ಪ್ರಶ್ನೆ ನನ್ನದಾಯಿತು. ಊಟದ ಹೊತ್ತಿಗೆ ರೂಮಿಗೆ ಬಂದವಳು ಅವಳ ಶೆಲ್ಫಿನಿಂದ ಅದೇ ಚೀಟಿ ತೆಗೆದೆ. ನನಗಾಗಿ ಓದತೊಡಗಿದಾಗ ಅದು ಬೇರೆಯೇ ಕಾಗದವಾಗಿತ್ತು. ತೋಳು ನೋವು ಎಂದಾಗ ನನ್ನ ತೋಳು, ಜ್ವರ ಎಂದಾಗ ಯಾರು ನೋಡಿಕೊಳ್ಳುತ್ತಾರೆ ಎಂಬ ಯೋಚನೆ. ತುಟಿ, ಮುಖ ಊದಿದರೆ ತಡಮಾಡದೆ ಎಂಬಲ್ಲಿಗೆ ಬಂದು ನಿಂತೆ. ಇದೇ ಸಾಲನ್ನು ಅವಳಿಗೆ ಎಷ್ಟು ನಿಧಾನವಾಗಿ, ಎಷ್ಟು ಸ್ಪಷ್ಟವಾಗಿ ಓದಿ ಹೇಳಿದ್ದೆ. ಅವಳಿಗೆ ಅಲ್ಲಿ ಮಾತ್ರೆಯನ್ನೇ ಕೊಡುತ್ತಿಲ್ಲ.

ಫೋನ್ ಮಾಡಿದೆ. ಜ್ವರ ಬಿಟ್ಟಿದೆ, ಆದರೆ ದದ್ದು ಬರುತ್ತಲೇ ಇದೆ ಅಂದಳು. ತುಟಿ ಎಂದು ಕೇಳಿದೆ.

"ಬೆಳಿಗ್ಗೆ ಊದಿತ್ತು ಕಣೇ, ಈಗ ಇಳ್ದಿದೆ. ಯಾಕೆ?"

ಬರ್ತಿದೀನಿ ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿಗೆ ಹೋದೆ. ಆ ಒಂದು ಗಂಟೆಯ ದಾರಿಯಲ್ಲೂ ನನ್ನ ಮನಸ್ಸು ಒಳ್ಳೆಯದಾಗಿರಲಿಲ್ಲ. ಅವಳಿಗೆ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಲೇ, ಇವಳು ಕಾಯಿಲೆ ಬಿದ್ದರೂ ಎಲ್ಲರೂ ಪಾಪ ಅನ್ನುತ್ತಾರಲ್ಲ, ನಾನು ಬಿದ್ದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಸುಮ್ಮನಾಗುತ್ತಿದ್ದರು ಎಂದೂ ಯೋಚಿಸುತ್ತಿದ್ದೆ.

ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅವಳ ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದರು. ಆದರೆ ಇಂಥ ವಿಷಯದಲ್ಲಿ ಅಜ್ಜಿಯ ಮಾತು ಮೀರುವವರಲ್ಲ. ಅಜ್ಜಿ ನನ್ನನ್ನು ಜಗುಲಿಯಲ್ಲೇ ತಡೆದರು.

"ಬಿಸ್ಲಲ್ಲಿ ಬಂದಿದ್ದೀಯ, ಕಾಲ್ ತೊಳ್ಕೊಂಡು ಒಸಿ ತಣ್ಣಗೆ ಕೂತ್ಕೊ ಮಗ. ಆಮ್ಯಾಕೆ ಒಳಿಕ್ ಬರೀವಂತೆ."

ಕೂತೆ. ಮಜ್ಜಿಗೆ ಕೊಟ್ಟರು. ಡಾಕ್ಟರಿಗೆ ತೋರಿಸಬೇಕು, ಇದು ಲಸಿಕೆಯಿಂದ ಆಗಿರಬಹುದು ಎಂದು ಆದಷ್ಟು ಮೆತ್ತಗೆ ಹೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. ಸೂಜಿಗೂ ಅಮ್ಮನಿಗೂ ಏನು ಸಂಬಂಧ, ಪಕ್ಕದ ಮನೆಯ ಮಗು ಸೂಜಿ ಚುಚ್ಚಿಸಿಕೊಂಡಿತ್ತೇ ಎಂದರು. ಮನೆಗೆ ಬಂದಿರುವ ಅಮ್ಮನನ್ನು ಅಲ್ಲವೆಂದು ಬಾಯಲ್ಲಿ ಅನ್ನಬಾರದು, ಅವಳಿಗೆ ಕೇಳಿಸುತ್ತದೆ ಎಂದೂ ತಗ್ಗಿದ ದನಿಯಲ್ಲಿ ಹೇಳಿದರು. ವಾದ ಮಾಡಿ ಗೆಲ್ಲುವುದು ನನ್ನಿಂದ ಎಂದೂ ಆಗಿಲ್ಲ. ನನಗೆ ಬರುವುದು ಗುರುತು ಹಾಕುವುದು.

ಒಳಗೆ ಅವಳು ಚಾಪೆಯ ಮೇಲೆ, ಬೇವಿನ ಎಲೆಗಳ ನಡುವೆ ಕೂತಿದ್ದಳು. ಲೇಬಲ್ ಬರೆಯುವ ಪೆನ್ನು ನನ್ನ ಚೀಲದಲ್ಲೇ ಇತ್ತು. ಅವಳ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ದದ್ದಿನ ಅಂಚಿಗೂ ನೀಲಿ ಗೆರೆ ಎಳೆದೆ. ಪಕ್ಕದಲ್ಲಿ ಗಂಟೆ ಬರೆದೆ. ಥೂ, ನನ್ನನ್ನೂ ಮಣ್ಣಿನ ಚೀಲ ಮಾಡಿಬಿಟ್ಟೆಯಲ್ಲೇ ಎಂದು ಅವಳು ನಕ್ಕಳು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಎದುರಿಗೆ ಕೂತರು. ಅವಳು ಕೆರೆದುಕೊಳ್ಳಲು ಹೋದಾಗಲೆಲ್ಲ ಅಜ್ಜಿ ಬೇವಿನ ಕಡ್ಡಿಯಿಂದ ಮೆಲ್ಲಗೆ ಸವರುತ್ತಿದ್ದರು.

ಒಂದು ಗಂಟೆ ಆಗುವಷ್ಟರಲ್ಲಿ ಮೊಣಕೈ ಹತ್ತಿರದ ಗೆರೆಯೊಳಗೆ ಚರ್ಮ ಸಮನಾಗಿತ್ತು. ಗೆರೆ ಮಾತ್ರ ಇತ್ತು, ದದ್ದು ಇರಲಿಲ್ಲ. ಅದರಿಂದ ಎರಡು ಬೆರಳು ಆಚೆ ಹೊಸದೊಂದು ಎದ್ದಿತ್ತು. ಅಜ್ಜಿ ಅವಳ ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಅಮ್ಮ ಕೂತ ಕಡೆ ಕೂತಿರ್ತಾಳೆ," ಅಂದರು. "ಇದು ಓಡಾಡ್ತದೆ. ಕರ್ಕೊಂಡೋಗು. ಅಮ್ಮನ ಎಸರೇಳಿ ಸೊಪ್ಪು ಕಟ್ಟಿವ್ನಿ, ಒಂದ್ ನೀರ್ ಆಕ್ಬುಟ್ಟು ಕಳಿಸ್ತೀನಿ."

ನೀರು ಹಾಕಿ, ದೇವರಿಗೆ ಕೈಮುಗಿಸಿ ಕಳಿಸಿಕೊಟ್ಟರು. ಹಾಸನದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಒದ್ದೆ ಕೂದಲಿನಿಂದ ಬೇವಿನ ವಾಸನೆ ಬರುತ್ತಿತ್ತು. ಊರು ದಾಟಿದ ಮೇಲೆ ತೋಳಿನ ಗೆರೆಗಳನ್ನೇ ನೋಡುತ್ತ ಕೇಳಿದಳು.

"ಫೋಟೊ ನೋಡ್ದಾಗ್ಲೇ ನಿಂಗೆ ಗೊತ್ತಾಗಿತ್ತಾ?"

ಖಚಿತವಿರಲಿಲ್ಲ ಎನ್ನಬಹುದಿತ್ತು. ಆ ವಾಕ್ಯ ಸಿದ್ಧವಾಗಿಯೇ ಇತ್ತು.

"ಹೂಂ," ಅಂದೆ.

ಅವಳು ಚೂಡಿದಾರದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ವೈದ್ಯರು ನೋಡಿ, ಲಸಿಕೆಯ ಅಲರ್ಜಿಯೇ ಇರಬೇಕೆಂದರು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೈದು ಮಾತ್ರೆ ಬರೆದುಕೊಟ್ಟರು. ಎರಡನೇ ಡೋಸ್ ಹಾಕಿಸಿಕೊಳ್ಳದಿರುವುದೇ ಮೇಲು, ಬೇಕೇ ಬೇಕೆಂದರೆ ಅಲರ್ಜಿ ತಜ್ಞರನ್ನು ಕೇಳಿ ಅವರೆದುರೇ ಹಾಕಿಸಿಕೊಳ್ಳಿ, ಇನ್ನೂ ಮೂರು ವಾರ ಸಮಯವಿದೆ, ಯೋಚಿಸಿ ಎಂದರು. ಭಾನುವಾರದ ಹೊತ್ತಿಗೆ ದದ್ದು ಪೂರ್ತಿ ಇಳಿದಿತ್ತು. ಸೋಮವಾರ ಅವಳು ಬೆಂಗಳೂರಿಗೆ ಹೋಗಿ ಸಹಿ ಹಾಕಿಬಂದಳು. ನನ್ನ ಪಾಸ್‌ಪೋರ್ಟ್ ಪ್ರತಿ ಇನ್ನು ಬೇಕಾಗಿಲ್ಲ ಎಂದು ಮೇಡಂ ಹೇಳಿದರು.

ಆ ಮೂರು ವಾರ ನಾನು ಕಾದೆ. ಈ ಸಲ ಕೇಳಿದರೆ ಏನು ಹೇಳಬೇಕೆಂದು ಓದಿಟ್ಟುಕೊಂಡಿದ್ದೆ. ಹಾಕಿಸಿಕೊಳ್ಳದೆ ಹೋದರೆ ಎಷ್ಟು ಅಪಾಯ, ಒಂದೇ ಡೋಸ್‌ನಿಂದ ಎಷ್ಟು ರಕ್ಷಣೆ, ಸಂಜೆ ಹೊತ್ತು ತುಂಬುತೋಳು, ಸೊಳ್ಳೆ ಪರದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿದ್ದೆ. ಒಂದು ಮಾತನ್ನೂ ನಿಧಾನ ಮಾಡದೆ, ಅವಳ ಮುಖದಲ್ಲಿ ಏನನ್ನೂ ಹುಡುಕದೆ ಹೇಳುವೆನೆಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಅವಳು ಮೊದಲಿನ ಹಾಗೆಯೇ ಇದ್ದಳು. ಒಟ್ಟಿಗೆ ಊಟ, ಒಟ್ಟಿಗೆ ಅರಕಲಗೂಡು. ಬದುವಿನ ಮೇಲೆ ಕೂತು ಹರಟೆ. ನನ್ನನ್ನು ಈಗ ಹೆಸರು ಹಿಡಿದು ಕರೆಯುತ್ತಿದ್ದಳು.

ಮೂರನೇ ವಾರದ ಕೊನೆಗೆ ಒಂದು ದಿನ ರಜೆ ಹಾಕಿ ಮೈಸೂರಿಗೆ ಹೋಗಿಬಂದಳು. ಸಂಜೆ ಬಟ್ಟೆ ಮಡಚುತ್ತಿದ್ದಾಗ ತಡೆಯಲಾರದೆ ನಾನೇ ಕೇಳಿದೆ, ಎರಡನೆಯದನ್ನು ಏನು ಮಾಡಿದೆ ಎಂದು.

"ಅದೆಲ್ಲ ಆಯ್ತು ಬಿಡು," ಅಂದಳು.

ಆಯ್ತು ಅಂದರೆ ಹಾಕಿಸಿಕೊಂಡದ್ದೋ, ಬೇಡವೆಂದು ಮುಗಿಸಿದ್ದೋ, ಕೇಳಲಿಲ್ಲ. ಅವಳು ಹೊರಟು ಹೋಗಿ, ಎರಡು ತಿಂಗಳಿದ್ದು, ಕಪ್ಪಗಾಗಿ, ಖುಷಿಯಾಗಿ ವಾಪಸು ಬಂದಳು. ಅಲ್ಲಿಯ ಹೆಂಗಸರ ಜೊತೆ ಕೆಸರಿನಲ್ಲಿ ನಿಂತು ತೆಗೆಸಿಕೊಂಡ ಫೋಟೊಗಳನ್ನು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದಳು, ನನಗೂ ತೋರಿಸಿದಳು. ಆ ಫೋಟೊಗಳನ್ನು ನೋಡಿ ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ ಒಬ್ಬರ ಮೇಲೆ. ಮೈಸೂರಿನಲ್ಲೋ, ಹಾಸನದಲ್ಲೋ, ಅವಳ ಮನೆಯ ಜಗುಲಿಯಲ್ಲೋ, ಆ ಮೂರು ವಾರದಲ್ಲಿ ಅವಳು ಯಾರೆದುರಿಗೋ ಕೂತು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿರಬೇಕು. ಅದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.