ಸೂರು ಕಿತ್ತ ಮಧ್ಯಾಹ್ನ

ಬೆಂಕಿ ಇನ್ನೂ ಪಕ್ಕದ ಕೊಟ್ಟಿಗೆಯಲ್ಲಿ ಉರಿಯುತ್ತಿದ್ದಾಗಲೇ ಕೆಂಚಮ್ಮನವರು ಬಿದಿರಿನ ಗಳು ಹಿಡಿದು ತಮ್ಮ ಮನೆಯ ಸೂರನ್ನು ಕೆಡವತೊಡಗಿದರು. ಗುತ್ತಲಿನ ನಮ್ಮ ಬೀದಿಯಲ್ಲಿ ಹೆಚ್ಚಿನ ಮನೆಗಳಿಗೆ ಕಬ್ಬಿನ ಸೋಗೆಯದೇ ಹೊದಿಕೆ. ಯುದ್ಧದಿಂದಾಗಿ ಬೆಂಕಿಪೊಟ್ಟಣ ಸಿಗದೆ ಎಲ್ಲರೂ ನೆರೆಮನೆಯಿಂದ ಬೆರಣಿಯ ಮೇಲೆ ಕೆಂಡ ತರುತ್ತಿದ್ದೆವು. ಆ ಮಧ್ಯಾಹ್ನ ಯಾರದೋ ಕೈಯಿಂದ ಕಿಡಿ ಹಾರಿತ್ತು.

ನಾವೆಲ್ಲ ಕೊಟ್ಟಿಗೆಗೆ ನೀರು ಎರಚುತ್ತಿದ್ದೆವು. ಕೆಂಚಮ್ಮನವರ ಮಗ ಓಡಿಬಂದ.

"ನಿಂಗೇನ್ ಉಚ್ಚಾ ಅವ್ವ? ನಮ್ಮನೆಗಿನ್ನೂ ಬೆಂಕಿ ಬಂದಿಲ್ಲ."

"ಬಂದ್ಮೇಲೆ ಕಿತ್ತು ಏನ್ಲಾ ಮಾಡೀಯೆ? ಆ ಕಡೆ ಮನೇಲಿ ಸಕೀನಾ ಅಸೀ ಬಾಣಂತಿ, ಕೂಸು ಮಡಿಕ್ಕಂಡು ಮನಗವ್ಳೆ. ಬಾಯ್ ಮುಚ್ಕಂಡು ಎಳಿ."

ಅವನು ಎಳೆದ. ನಾನೂ ಕೈಹಾಕಿದೆ. ಬೆಂಕಿ ಅವರ ಬರಿಗೋಡೆಯವರೆಗೆ ಬಂದು, ಮುಂದೆ ಹಿಡಿಯಲು ಏನೂ ಸಿಗದೆ ಅಲ್ಲೇ ಆರಿತು. ಸಕೀನಾಳ ಮನೆಗೆ ಹೊಗೆಯಷ್ಟೇ ಹೋಯಿತು. ಸಂಜೆ ಕೆಂಚಮ್ಮನವರು ಸೂರಿಲ್ಲದ ಮನೆಯಲ್ಲೇ ಮುದ್ದೆಗೆ ಎಸರಿಟ್ಟರು.

ಈಗ ಬೇಸಿಗೆಯ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಯಾರೂ ಕೆಂಡ ಕೊಡುವುದಿಲ್ಲ. ಮನೆಮನೆಯ ಮುಂದೆ ನೀರು ತುಂಬಿದ ಗುಡಾಣ, ಸೂರು ಎಳೆಯಲು ಕೊಕ್ಕೆ ಕಟ್ಟಿದ ಒಂದು ಗಳು ಇವೆ. ಮತ್ತೆ ಬೆಂಕಿ ಬಿದ್ದರೆ ಮೊದಲು ನಮ್ಮ ಮನೆಯ ಸೂರನ್ನೇ ಕೀಳಿರಿ ಎನ್ನಬಲ್ಲೆನೆ, ನನಗೆ ತಿಳಿಯದು.